ಪರ್ಸಲ್ಲಿ ದುಡ್ಡಿದೆ, ತಂಡದಲ್ಲಿ ಜಾಗ ಇದೆಯಾ? ಬೆಂಗಳೂರು–ಮುಂಬೈ ನಡುವಿನ ನಾಲ್ಕು ಟ್ರೇಡ್‌ಗಳ ಕಥೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕಲ್ಲಿ ಯಾವ ಹುಡುಗರ ವಾಟ್ಸಾಪ್ ಗ್ರೂಪ್ ತೆರೆದು ನೋಡಿದ್ರೂ, ನವೆಂಬರ್ ಬಂತು ಅಂದ್ರೆ ಒಂದೇ ಚರ್ಚೆ. ಆರ್‌ಸಿಬಿ ಯಾರನ್ನ ಬಿಡುತ್ತೆ? ಯಾರನ್ನ ತಗೊಳ್ಳುತ್ತೆ? ‘ಅವನನ್ನ ಕೊಟ್ಟು ಇವನನ್ನ ತರಿಸ್ಲಿ ಗುರು’ ಅಂತ ಒಬ್ಬ ಹಾಕ್ತಾನೆ. ‘ಪರ್ಸಲ್ಲಿ ದುಡ್ಡೆಲ್ಲಿದೆ?’ ಅಂತ ಇನ್ನೊಬ್ಬ ಕೇಳ್ತಾನೆ. ಬೆಳಗಿನ ಜಾವದವರೆಗೂ ಜಗಳ.

ಇವತ್ತು ಆ ಜಗಳದ ಇತಿಹಾಸ ಹೇಳ್ತೀನಿ. ಅದಕ್ಕೆ ಮುಂಚೆ ನಿಮ್ಮ ಅಜ್ಜನನ್ನ ಒಂದು ಸಲ ನೆನಪಿಸಿಕೊಳ್ಳಿ. ಜೋಡಿಯಲ್ಲಿ ಒಂದು ಎತ್ತು ಹೋಗಿಬಿಟ್ರೆ, ಉಳಿದ ಒಂಟಿ ಎತ್ತಿಗೆ ಜೊತೆ ಹುಡುಕೋಕೆ ಅವರು ಜಾತ್ರೆಗೆ ಹೋಗ್ತಿದ್ರು. ಅಲ್ಲಿ ಎರಡು ಲೆಕ್ಕ. ಒಂದು, ಸೊಂಟದ ಚೀಲದಲ್ಲಿ ಎಷ್ಟಿದೆ. ಇನ್ನೊಂದು, ಮನೇಲಿರೋ ಎತ್ತು ಎಡಗಡೆ ಕಟ್ಟೋದಾ, ಬಲಗಡೆ ಕಟ್ಟೋದಾ. ಜಾತ್ರೆಯಲ್ಲೇ ಚೆಂದದ ಎತ್ತು ಅಂತ ದುಡ್ಡೆಲ್ಲ ಸುರಿದು ತಂದು, ಅದೂ ಎಡಗಡೆಯದೇ ಆಗಿಬಿಟ್ರೆ ನೊಗ ನಡೆಯೋದಿಲ್ಲ.

ಟ್ರೇಡ್ ಅಂದ್ರೆ ಇಷ್ಟೇ. ಪರ್ಸು ತಡೆಯುತ್ತಾ? ನೊಗಕ್ಕೆ ಹೊಂದುತ್ತಾ? ಮೊದಲನೇ ಪ್ರಶ್ನೆಗೆ ನಿಯಮ ಉತ್ತರ ಕೊಡುತ್ತೆ. ಎರಡನೇದಕ್ಕೆ ತಂಡವೇ ಉತ್ತರ ಹುಡುಕ್ಕೋಬೇಕು. ಕಪ್ ಗೆಲ್ಲೋದು, ಸೋಲೋದು ಬಹಳ ಸಲ ಈ ಎರಡನೇದ್ರಲ್ಲಿ.

ಈ ಲೆಕ್ಕ ಎಲ್ಲಿಂದ ಬಂತು?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ, 1984–85ರ ಸೀಸನ್‌ನಿಂದ ಸಂಬಳಕ್ಕೆ ಮಿತಿ ಹಾಕ್ತು. ಆಗ ಒಂದು ತಂಡಕ್ಕೆ 36 ಲಕ್ಷ ಡಾಲರ್. 2025–26ಕ್ಕೆ ಅದು 15 ಕೋಟಿ 46 ಲಕ್ಷ ಡಾಲರ್ ದಾಟಿದೆ. ಉದ್ದೇಶ ಸರಳ: ದೊಡ್ಡ ಊರಿನ ಶ್ರೀಮಂತ ತಂಡವೇ ಎಲ್ಲ ಸ್ಟಾರ್‌ಗಳನ್ನ ಬಾಚಿಕೊಳ್ಳಬಾರದು.

ಆದ್ರೆ ಅಲ್ಲಿನ ಮಿತಿ ಗಟ್ಟಿ ಗೋಡೆಯಲ್ಲ, ಬೇಲಿ ಥರ. ಕೆಲವು ವಿನಾಯಿತಿಗಳಲ್ಲಿ ದಾಟಬಹುದು, ಜಾಸ್ತಿ ದಾಟಿದ್ರೆ ತೆರಿಗೆ ಕಟ್ಟಬೇಕು. ಮಿತಿ ದಾಟಿರೋ ತಂಡ ಟ್ರೇಡ್ ಮಾಡೋವಾಗ, ಬರೋ ಆಟಗಾರನ ಸಂಬಳಕ್ಕೆ ಹೆಚ್ಚುಕಡಿಮೆ ಸರಿಹೊಂದೋ ಸಂಬಳ ಆಚೆ ಕಳಿಸಬೇಕು. ಹಾಗಾಗಿ ಒಬ್ಬ ಸ್ಟಾರ್‌ಗಾಗಿ ಮೂರು ಜನ ಸಾಮಾನ್ಯ ಆಟಗಾರರು ಸೂಟ್‌ಕೇಸ್ ಕಟ್ಟೋದುಂಟು, ಬರೀ ಲೆಕ್ಕ ಹೊಂದಿಸೋಕೆ.

ಐಪಿಎಲ್ ಈ ಯೋಚನೆಯನ್ನ ತಗೊಂಡು, ಬೇಲಿ ಬದಲು ಗೋಡೆಯನ್ನೇ ಕಟ್ತು. 2008ರಲ್ಲಿ ಪ್ರತಿ ತಂಡಕ್ಕೆ 50 ಲಕ್ಷ ಡಾಲರ್. ಮುಗೀತು ಅಂದ್ರೆ ಮುಗೀತು. ಈಗ ತಂಡದಲ್ಲಿ ಹೆಚ್ಚು ಅಂದ್ರೆ 25 ಜನ, ಅದರಲ್ಲಿ ವಿದೇಶಿಯರು 8, ಆಡೋ ಹನ್ನೊಂದರಲ್ಲಿ ವಿದೇಶಿಯರು 4. ಈ ‘ನಾಲ್ಕು’ ಅನ್ನೋ ಅಂಕಿ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊದಲ ಅದಲುಬದಲು: 2009

2008ರ ಆರ್‌ಸಿಬಿ ನೆನಪಿದೆಯಾ? ದ್ರಾವಿಡ್, ಕಾಲಿಸ್, ಚಂದರ್‌ಪಾಲ್, ಜಾಫರ್, ಕುಂಬ್ಳೆ. ಒಬ್ಬೊಬ್ಬರೂ ದೊಡ್ಡ ಹೆಸರು, ಆದ್ರೆ ‘ಇದು ಟೆಸ್ಟ್ ಟೀಮು’ ಅಂತ ಜನ ನಕ್ಕರು. ಎಂಟು ತಂಡಗಳಲ್ಲಿ ಏಳನೇ ಸ್ಥಾನ. ಹೊಡೀಬಲ್ಲ ಭಾರತೀಯ ಬ್ಯಾಟರ್ ಬೇಕಿತ್ತು. ಮುಂಬೈಗೆ ಬೇಕಿದ್ದಿದ್ದು ಅನುಭವಿ ಭಾರತೀಯ ವೇಗಿ.

2009ರ ಸೀಸನ್‌ಗೆ ಮುಂಚೆ ಎರಡೂ ತಂಡ ಕೈ ಕುಲುಕಿದ್ವು. ಜಹೀರ್ ಖಾನ್ ಮುಂಬೈಗೆ, ನಮ್ಮ ಕೊಡಗಿನ ರಾಬಿನ್ ಉತ್ತಪ್ಪ ಬೆಂಗಳೂರಿಗೆ. ಹರಾಜಿನ ಬೆಲೆ ನೋಡಿದ್ರೆ ಸಮ ಅಲ್ಲ: ಉತ್ತಪ್ಪ 8 ಲಕ್ಷ ಡಾಲರ್, ಜಹೀರ್ 4.5 ಲಕ್ಷ. ಆದ್ರೆ ಎರಡು ಮನೆಯ ಕೊರತೆ ಒಂದಕ್ಕೊಂದು ಹೊಂದ್ತು. ಉತ್ತಪ್ಪ ಮೊದಲ ವರ್ಷ ಹೊಳೀಲಿಲ್ಲ, 2010ರಲ್ಲಿ ಮಾತ್ರ 171ರ ಸ್ಟ್ರೈಕ್ ರೇಟಲ್ಲಿ 374 ರನ್ ಬಾರಿಸಿದ್ರು. ಅದೇ 2010ರಲ್ಲಿ ಜಹೀರ್ ಇದ್ದ ಮುಂಬೈ ಫೈನಲ್‌ವರೆಗೆ ಹೋಯ್ತು. ಎರಡೂ ಕಡೆಗೆ ನ್ಯಾಯವಾದ ವ್ಯಾಪಾರ ಅಂದ್ರೆ ಇದೇ.

ಇಲ್ಲಿ ಒಂದು ಎಚ್ಚರಿಕೆ. ‘ಜಾಗ ಇದೆಯಾ’ ಅನ್ನೋ ಪ್ರಶ್ನೆನೇ ಎಲ್ಲಾ ಅಂದ್ಕೋಬೇಡಿ. 2008ರಲ್ಲಿ ಅಂಡರ್–19 ಹುಡುಗರನ್ನ ಹಂಚೋವಾಗ, ನಮ್ಮಲ್ಲಿ ಬ್ಯಾಟರ್‌ಗಳು ತುಂಬಿದ್ದಾರೆ, ನಮಗೆ ಬೌಲರ್ ಸಾಕು ಅಂತ ಡೆಲ್ಲಿ ಪ್ರದೀಪ್ ಸಾಂಗ್ವಾನ್ ಕಡೆ ಹೋಯ್ತು. ಡೆಲ್ಲಿ ಬಿಟ್ಟ ಆ ಡೆಲ್ಲಿ ಹುಡುಗ ಬೆಂಗಳೂರಿಗೆ ಬಂದ. ಹೆಸರು ವಿರಾಟ್ ಕೊಹ್ಲಿ. ಈ ವರ್ಷದ ಜಾಗ ಬೇರೆ, ಮುಂದಿನ ಹತ್ತು ವರ್ಷದ ಜಾಗ ಬೇರೆ. ಒಳ್ಳೆ ರೈತ ಈ ಬೇಸಿಗೆಯ ತರಕಾರಿಯನ್ನೂ ನೋಡ್ತಾನೆ, ಚನ್ನಗಿರಿಯಲ್ಲಿ ಅಡಿಕೆ ಸಸಿ ನೆಟ್ಟೋರ ಹಾಗೆ ವರ್ಷಗಟ್ಟಲೆ ಕಾಯೋದನ್ನೂ ಕಲಿತಿರ್ತಾನೆ.

ದಾವಣಗೆರೆ ಎಕ್ಸ್‌ಪ್ರೆಸ್‌ನ ಪ್ರಯಾಣ

ಈಗ ನಮ್ಮ ಜಿಲ್ಲೆಯ ಹೆಮ್ಮೆ. ಆರ್. ವಿನಯ್ ಕುಮಾರ್, ದಾವಣಗೆರೆಯವರು. ಅವರ ನಾಯಕತ್ವದಲ್ಲಿ ಕರ್ನಾಟಕ 2013–14 ಮತ್ತು 2014–15ರಲ್ಲಿ ಸತತ ಎರಡು ಸಲ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದಿತು. ಐಪಿಎಲ್‌ನಲ್ಲಿ 105 ಪಂದ್ಯ, 105 ವಿಕೆಟ್.

ಅವರ ತಂಡಗಳ ಪಟ್ಟಿ ಓದ್ತೀನಿ, ರೈಲಿನ ಸ್ಟೇಷನ್ ಹೆಸರು ಕೇಳಿದ ಹಾಗಿರುತ್ತೆ. ಮೊದಲ ಮೂರು ವರ್ಷ ಆರ್‌ಸಿಬಿ. 2011ರಲ್ಲಿ ಕೊಚ್ಚಿ. ಆ ತಂಡವೇ ಮುಚ್ಚಿಹೋದ ಮೇಲೆ, 2012ರ ಹರಾಜಲ್ಲಿ 10 ಲಕ್ಷ ಡಾಲರ್‌ಗೆ ಮತ್ತೆ ಆರ್‌ಸಿಬಿ. 2013ರಲ್ಲಿ 23 ವಿಕೆಟ್. 2014ರಲ್ಲಿ 2.8 ಕೋಟಿಗೆ ಕೋಲ್ಕತಾ. 2015ರಿಂದ ಮುಂಬೈ. 2018ರಲ್ಲಿ ಮತ್ತೆ ಕೋಲ್ಕತಾ.

23 ವಿಕೆಟ್ ತೆಗೆದ ಊರಿನ ಬೌಲರ್ ಮುಂದಿನ ವರ್ಷವೇ ಬೇರೆ ತಂಡಕ್ಕೆ ಹೋಗಿದ್ದು ಹೇಗೆ? 2014ರ ಪರ್ಸ್ ನೋಡೋಣ. ಒಟ್ಟು 60 ಕೋಟಿ. ಆರ್‌ಸಿಬಿ ಕೊಹ್ಲಿ, ಗೇಲ್, ಡಿವಿಲಿಯರ್ಸ್ ಮೂವರನ್ನ ಉಳಿಸ್ಕೊಂಡಿತ್ತು. ಅದಕ್ಕೆ ಪರ್ಸಿಂದ ಕಡಿತ 12.5, 9.5, 7.5, ಒಟ್ಟು 29.5 ಕೋಟಿ. ಉಳಿದಿದ್ದು 30.5. ಅದರಲ್ಲಿ 14 ಕೋಟಿ ಯುವರಾಜ್ ಸಿಂಗ್ ಒಬ್ಬರಿಗೇ. ಅಂದ್ರೆ ಉಳಿದ ದುಡ್ಡಲ್ಲಿ ಹತ್ತಿರ ಹತ್ತಿರ ಅರ್ಧ, ಈಗಾಗಲೇ ಮೂವರು ದೊಡ್ಡ ಬ್ಯಾಟರ್‌ಗಳಿದ್ದ ಮನೆಗೆ ನಾಲ್ಕನೆಯವರಿಗಾಗಿ. ಯುವರಾಜ್ 376 ರನ್ ಹೊಡೆದ್ರು, ಕೆಟ್ಟದಾಗೇನೂ ಆಡಲಿಲ್ಲ. ತಂಡ ಮಾತ್ರ ಏಳನೇ ಸ್ಥಾನ. ಸೀಸನ್ ಮುಗಿದ ಮೇಲೆ ಅವರನ್ನೂ ಬಿಟ್ಟರು.

ಎಡಗಡೆ ಎತ್ತು ನಾಲ್ಕು, ಬಲಗಡೆಗೆ ಯಾರೂ ಇಲ್ಲ. ಅಜ್ಜ ನೋಡಿದ್ರೆ ತಲೆ ಚಚ್ಚಿಕೊಳ್ತಿದ್ರು.

ಎರಡನೇ ಟ್ರೇಡ್: ಕೀಪರ್ ಕೊಟ್ಟು ಕೀಪರ್ ಕೊಂಡ ಕಥೆ

2015ಕ್ಕೆ ಮುಂಚೆ ಮುಂಬೈ ಟ್ರೇಡ್ ವಿಂಡೋದಲ್ಲಿ ಸದ್ದಿಲ್ಲದೆ ಸಂತೆ ಮಾಡ್ತು. ಕೋಲ್ಕತಾದಿಂದ ವಿನಯ್ ಕುಮಾರ್. ಬೆಂಗಳೂರಿಂದ ಪಾರ್ಥಿವ್ ಪಟೇಲ್. ಯಾವ ಟಿವಿಯಲ್ಲೂ ಬ್ರೇಕಿಂಗ್ ನ್ಯೂಸ್ ಆಗೋ ಹೆಸರುಗಳಲ್ಲ.

ಪಾರ್ಥಿವ್ ಬೆಲೆ 1.4 ಕೋಟಿ. ಅವರನ್ನ ಕಳಿಸಿದ ಆರ್‌ಸಿಬಿ, ಫೆಬ್ರುವರಿಯ ಹರಾಜಲ್ಲಿ ದಿನೇಶ್ ಕಾರ್ತಿಕ್‌ರನ್ನ 10.5 ಕೋಟಿಗೆ ಕೊಂಡ್ಕೊಳ್ತು. ಕೀಪರ್ ಜಾಗಕ್ಕೆ ಕೀಪರೇ, ಆದ್ರೆ ಬೆಲೆ ಏಳೂವರೆ ಪಟ್ಟು. ಆ ಸೀಸನ್ ಕಾರ್ತಿಕ್ 141 ರನ್, ಪಾರ್ಥಿವ್ 339 ರನ್. (ಕಾರ್ತಿಕ್ ಮುಂದೆ ಆರ್‌ಸಿಬಿಗೆ ಮರಳಿ ಬಂದು ಫಿನಿಶರ್ ಆಗಿ ಮಿಂಚಿದ್ದು ಬೇರೆ ಮಾತು. ಆಗ ಅವರಿಗೆ ಹೊಂದೋ ಜಾಗ ಸಿಕ್ಕಿತ್ತು.)

ಮುಂಬೈ ಮೊದಲ ನಾಲ್ಕೂ ಪಂದ್ಯ ಸೋತಿತ್ತು. ಆಮೇಲೆ ಲೆಂಡ್ಲ್ ಸಿಮನ್ಸ್ ಜೊತೆ ಪಾರ್ಥಿವ್ ಓಪನಿಂಗ್‌ಗೆ ಬಂದ್ರು, ತಂಡದ ಗಾಡಿ ಹಳಿಗೆ ಬಂತು. ಮೇ 24ರಂದು ಈಡನ್ ಗಾರ್ಡನ್ಸ್‌ನಲ್ಲಿ ಚೆನ್ನೈ ವಿರುದ್ಧ ಫೈನಲ್, ಮುಂಬೈಗೆ 41 ರನ್ ಗೆಲುವು. ಆ ಹನ್ನೊಂದರಲ್ಲಿ ಪಾರ್ಥಿವ್ ಇದ್ರು, ನಮ್ಮ ವಿನಯ್ ಕುಮಾರ್ ಕೂಡ ಇದ್ರು. ಹಿಂದಿನ ವರ್ಷ ಅದೇ ಈಡನ್ ಅವರ ಸ್ವಂತ ಮೈದಾನ!

ಮೂರನೇ ಟ್ರೇಡ್: ನಾಲ್ಕು ಕುರ್ಚಿ, ಐದು ಜನ

2018ರ ಹರಾಜಲ್ಲಿ ಆರ್‌ಸಿಬಿ ಕ್ವಿಂಟನ್ ಡಿಕಾಕ್‌ರನ್ನ 2.8 ಕೋಟಿಗೆ ಕೊಂಡಿತ್ತು. ಇವತ್ತು ಕೇಳಿದ್ರೆ ಪುಕ್ಕಟೆ ಅನ್ಸುತ್ತೆ. ಆದ್ರೆ ಆಡೋ ಹನ್ನೊಂದರಲ್ಲಿ ವಿದೇಶಿಯರಿಗೆ ನಾಲ್ಕೇ ಕುರ್ಚಿ. ಡಿವಿಲಿಯರ್ಸ್ ಇರಲೇಬೇಕು, ಆಲ್‌ರೌಂಡರ್ ಬೇಕು, ಬೌಲರ್ ಬೇಕು. ಕೀಪಿಂಗ್‌ಗೆ ಭಾರತೀಯನೇ ಇದ್ದಾರಲ್ಲ, ಮತ್ತೆ ಮನೆಗೆ ಬಂದ ಅದೇ ಪಾರ್ಥಿವ್! ಹಾಗಾಗಿ ಆ ವರ್ಷದ ಅಕ್ಟೋಬರಲ್ಲಿ ಡಿಕಾಕ್ ಅದೇ 2.8 ಕೋಟಿಗೆ ಮುಂಬೈಗೆ. ಮುಂಬೈ ಜಾಗ ಮಾಡೋಕೆ ತನ್ನಲ್ಲಿದ್ದ ಮುಸ್ತಫಿಜುರ್ ರೆಹಮಾನ್, ಅಕಿಲ ಧನಂಜಯ ಇಬ್ಬರನ್ನ ಬಿಟ್ಕೊಡ್ತು.

ಆರ್‌ಸಿಬಿ ಕಡೆಯಿಂದ ನೋಡಿದ್ರೆ ಈ ಟ್ರೇಡ್ ಮೂರ್ಖತನ ಅನ್ನೋಕಾಗಲ್ಲ. ಕುರ್ಚಿ ಇರಲಿಲ್ಲ, ಕಳಿಸಿದ್ರು. 2019ರಲ್ಲಿ ಪಾರ್ಥಿವ್ ಕೂಡ 373 ರನ್ ಹೊಡೆದ್ರು. ತಪ್ಪಾಗಿದ್ದು ಖಾಲಿಯಾದ ಕುರ್ಚಿಗೆ ಮಾಡಿದ ಖರ್ಚಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮನ್‌ದೀಪ್ ಸಿಂಗ್‌ರನ್ನ ಪಂಜಾಬಿಗೆ ಕೊಟ್ಟು, 6.2 ಕೋಟಿಯ ಮಾರ್ಕಸ್ ಸ್ಟೊಯ್ನಿಸ್‌ರನ್ನ ತಂದ್ರು. ಒಂದೇ ಸೀಸನ್, ಆಮೇಲೆ ಬಿಟ್ಟರು. ಆರ್‌ಸಿಬಿ ಕೊನೇ ಸ್ಥಾನ. ಅತ್ತ ಡಿಕಾಕ್ 2019ರಲ್ಲಿ 529 ರನ್, 2020ರಲ್ಲಿ 503 ರನ್. ಮುಂಬೈಗೆ ಎರಡೂ ವರ್ಷ ಕಪ್.

ನಾಲ್ಕನೇ ಟ್ರೇಡ್: 92 ಕೋಟಿಯ ಏಳು ಜನ

2023ರ ನವೆಂಬರ್. ಇದು ನಿಮಗೆಲ್ಲ ನೆನಪಿರುತ್ತೆ. ಗುಜರಾತ್ ನಾಯಕ ಹಾರ್ದಿಕ್ ಪಾಂಡ್ಯ ವಾಪಸ್ ಮುಂಬೈಗೆ, ಸಂಬಳ 15 ಕೋಟಿ. ಆದ್ರೆ ಮುಂಬೈ ಪರ್ಸ್ ನೋಡಿ. ರೋಹಿತ್ 16, ಗ್ರೀನ್ 17.5, ಇಶಾನ್ 15.25, ಬೂಮ್ರಾ 12, ಟಿಮ್ ಡೇವಿಡ್ 8.25, ಸೂರ್ಯ 8. ಕೂಡಿದ್ರೆ 77 ಕೋಟಿ. ಹಾರ್ದಿಕ್ ಸೇರಿದ್ರೆ ಏಳು ಜನಕ್ಕೆ 92. ಒಟ್ಟು ಮಿತಿ 100. ತಂಡದಲ್ಲಿ ಕನಿಷ್ಠ 18 ಜನ ಇರಬೇಕು. 8 ಕೋಟಿಯಲ್ಲಿ ಉಳಿದ ಹನ್ನೊಂದು ಜನ? ಹೆಜ್ಜೆ ಇಡೋಕೂ ಜಾಗ ಇಲ್ಲ.

ದಾರಿ ಒಂದೇ, ಗ್ರೀನ್ ಹೋಗಬೇಕು. 17.5 ಕೋಟಿಯ ಆಟಗಾರನನ್ನ ಇಡಿಯಾಗಿ ತಗೊಳ್ಳೋ ಪರ್ಸ್ ಯಾರ ಹತ್ರ ಇದೆ? ಆರ್‌ಸಿಬಿ. ಹೇಜಲ್‌ವುಡ್, ಹರ್ಷಲ್ ಪಟೇಲ್, ಹಸರಂಗ ಅಂಥ ಬೌಲರ್‌ಗಳನ್ನ ಬಿಟ್ಟು ಜಾಗ ಮಾಡ್ಕೊಂಡಿತ್ತು. ಹೀಗೆ ಮುಂಬೈನ ಕಷ್ಟಕ್ಕೆ ಬೆಂಗಳೂರು ಹೆಗಲು ಕೊಡ್ತು.

ಒಂದು ನಿಯಮ ಇಲ್ಲಿ ಹೇಳ್ಬೇಕು, ಗ್ರೂಪಲ್ಲಿ ಎಲ್ಲರೂ ಎಡವೋದು ಇಲ್ಲೇ. ಟ್ರೇಡಲ್ಲಿ ಆಟಗಾರನ ಸಂಬಳ ಅವನ ಜೊತೆ ಹೊಸ ತಂಡದ ಪರ್ಸಿಗೆ ಹೋಗುತ್ತೆ. ತಂಡ ತಂಡಕ್ಕೆ ಕೊಡೋ ವರ್ಗಾವಣೆ ಹಣ ಬೇರೆ, ಅದು ಪರ್ಸಿನ ಲೆಕ್ಕಕ್ಕೆ ಬರಲ್ಲ. ಅಂದ್ರೆ ಗೋಡೆ ಇದೆ, ಆದ್ರೆ ಶ್ರೀಮಂತರಿಗೆ ಒಂದು ಹಿತ್ತಲ ಬಾಗಿಲೂ ಇದೆ.

ಫಲ ಏನಾಯ್ತು? 2024ರಲ್ಲಿ ಗ್ರೀನ್ 255 ರನ್, 10 ವಿಕೆಟ್. ಬೌಲಿಂಗ್ ಮನೆ ಖಾಲಿ ಮಾಡಿ ಬ್ಯಾಟಿಂಗ್ ಆಲ್‌ರೌಂಡರ್ ತಂದ ಆರ್‌ಸಿಬಿ, ಏಪ್ರಿಲ್ 15ರಂದು ಚಿನ್ನಸ್ವಾಮಿಯಲ್ಲಿ ಹೈದರಾಬಾದ್‌ಗೆ 287 ರನ್ ಬಿಟ್ಕೊಟ್ಟಿತು. ಮೊದಲ ಎಂಟರಲ್ಲಿ ಒಂದೇ ಗೆಲುವು. ಆಮೇಲೆ ಸತತ ಆರು ಗೆದ್ದು ಪ್ಲೇಆಫ್ ಮುಟ್ಟಿದ್ದು ಪವಾಡ. ಹಾರ್ದಿಕ್‌ರನ್ನ ತಂದು ನಾಯಕ ಮಾಡಿದ ಮುಂಬೈ ಹತ್ತನೇ ಸ್ಥಾನ. ಪರ್ಸಿನ ಲೆಕ್ಕ ಇಬ್ಬರದ್ದೂ ಪೈಸೆಗೆ ಪೈಸೆ ಸರಿಯಿತ್ತು. ನೊಗದ ಲೆಕ್ಕ ಆ ವರ್ಷ ಇಬ್ಬರದ್ದೂ ತಪ್ಪಿತು.

ಕಬಡ್ಡಿ ಹುಡುಗರು ಬೇಜಾರಾಗಬೇಡಿ, ನಿಮ್ಮಲ್ಲೂ ಇದೇ ಕಥೆ. ಪ್ರೊ ಕಬಡ್ಡಿ ಹತ್ತನೇ ಸೀಸನ್‌ನಲ್ಲಿ ಪರ್ಸ್ 5 ಕೋಟಿ. ತೆಲುಗು ಟೈಟನ್ಸ್ ಪವನ್ ಸೆಹ್ರಾವತ್ ಒಬ್ಬರಿಗೇ 2.605 ಕೋಟಿ ಕೊಡ್ತು. ನಮ್ಮ ಬೆಂಗಳೂರು ಬುಲ್ಸ್‌ನಲ್ಲಿ ಮೆರೆದ ರೇಡರ್, ಪ್ರತಿಭೆ ಬಗ್ಗೆ ಎರಡು ಮಾತಿಲ್ಲ. ಆದ್ರೆ ಉಳಿದ ಅರ್ಧಕ್ಕಿಂತ ಕಮ್ಮಿ ದುಡ್ಡಲ್ಲಿ ಡಿಫೆನ್ಸ್ ಕಟ್ಟೋದು ಹೇಗೆ? 22 ಪಂದ್ಯದಲ್ಲಿ ಎರಡೇ ಗೆಲುವು, ಕೊನೇ ಸ್ಥಾನ.

ಆಟಗಾರನನ್ನ ಯಾರು ಕೇಳಿದ್ರು?

ಇಷ್ಟೊತ್ತು ತಂಡಗಳ ಲೆಕ್ಕ ಆಯ್ತು. ಈ ಲೆಕ್ಕದೊಳಗೆ ಮನುಷ್ಯರಿದ್ದಾರಲ್ಲ?

ನಮ್ಮ ಜಿಲ್ಲೆಯವರಿಗೆ ಇದು ಬೇಗ ಅರ್ಥ ಆಗುತ್ತೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಆಮೇಲೆ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯ್ತು, ಹರಪನಹಳ್ಳಿ ಬಳ್ಳಾರಿಗೆ ಮರಳಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ನಕ್ಷೆಯಲ್ಲಿ ಒಂದು ಗೆರೆ ಬದಲಾದ್ರೆ, ಸಣ್ಣ ಕೆಲಸಕ್ಕೂ ಜನ ಬೇರೆ ಊರಿನ ಬಸ್ ಹತ್ತಬೇಕಾಗುತ್ತೆ.

ಎನ್‌ಬಿಎಯಲ್ಲಿ ಬಹುಪಾಲು ಆಟಗಾರರಿಗೆ ಟ್ರೇಡ್ ಬೇಡ ಅನ್ನೋ ಹಕ್ಕೇ ಇಲ್ಲ. 2025ರ ಫೆಬ್ರುವರಿಯಲ್ಲಿ ಡಲ್ಲಾಸ್ ತಂಡ ಲೂಕಾ ಡಾಂಚಿಚ್‌ರನ್ನ ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕಳಿಸಿದಾಗ, ಅದು ಅವರಿಗೇ ಆಘಾತ. ಐಪಿಎಲ್‌ನಲ್ಲಿ ಈ ವಿಷಯ ವಾಸಿ, ಆಟಗಾರನ ಒಪ್ಪಿಗೆ ಬೇಕು. ಆದ್ರೆ ಅವನೇ ಹೋಗಿ ಮಾತಾಡೋ ಹಾಗಿಲ್ಲ. ರಾಜಸ್ಥಾನದಲ್ಲಿದ್ದ ರವೀಂದ್ರ ಜಡೇಜ ಬೇರೆ ತಂಡದ ಜೊತೆ ನೇರ ಮಾತುಕತೆಗೆ ಹೋದ್ರು ಅಂತ 2010ರ ಇಡೀ ಸೀಸನ್ ಹೊರಗೆ ಕೂರಬೇಕಾಯ್ತು. ಅದೇ ಜಡೇಜ 2025ರ ನವೆಂಬರಲ್ಲಿ ಟ್ರೇಡ್ ಮೂಲಕವೇ ರಾಜಸ್ಥಾನಕ್ಕೆ ಮರಳಿದ್ರು. ಸಂಬಳ 18ರಿಂದ 14 ಕೋಟಿಗೆ ಇಳೀತು. ಜೊತೆಗೆ 2.4 ಕೋಟಿಯ ಸ್ಯಾಮ್ ಕರನ್. ಅತ್ತ 18 ಕೋಟಿಯ ಸಂಜು ಸ್ಯಾಮ್ಸನ್ ಚೆನ್ನೈಗೆ. ಒಪ್ಪಿಗೆಗೂ ಒಂದು ಬೆಲೆ ಇರುತ್ತೆ, ಈ ಸಲ ಅದನ್ನ ತೆತ್ತಿದ್ದು ಆಟಗಾರ.

2025: ನೊಗ ಹೊಂದಿದ ವರ್ಷ

ಕೊನೆಗೆ ಸಿಹಿ ಸುದ್ದಿಗೆ ಬರೋಣ. 2025ರ ಮೆಗಾ ಹರಾಜಲ್ಲಿ ಪರ್ಸ್ 120 ಕೋಟಿ. ಆರ್‌ಸಿಬಿ ಕೊಹ್ಲಿ, ಪಾಟೀದಾರ್, ಯಶ್ ದಯಾಳ್ ಮೂವರನ್ನ ಮಾತ್ರ ಉಳಿಸ್ಕೊಳ್ತು. ವೆಂಕಟೇಶ್ ಅಯ್ಯರ್‌ಗೆ 23.5 ಕೋಟಿವರೆಗೂ ಕೂಗಿ, ಅಲ್ಲಿ ಕೈ ಬಿಡ್ತು. ಕೋಲ್ಕತಾ 23.75ಕ್ಕೆ ತಗೊಳ್ತು. ಆ ಸಂಜೆ ನಮ್ಮ ಗ್ರೂಪುಗಳಲ್ಲಿ ಬೈಗುಳದ ಮಳೆ.

ಆದ್ರೆ ಉಳಿದ ಆ ದುಡ್ಡು ಎಲ್ಲಿಗೆ ಹೋಯ್ತು ನೋಡಿ. ಹೇಜಲ್‌ವುಡ್ 12.5, ಸಾಲ್ಟ್ 11.5, ಜಿತೇಶ್ 11, ಭುವನೇಶ್ವರ್ 10.75, ಕೃಣಾಲ್ ಪಾಂಡ್ಯ 5.75, ನಮ್ಮ ದೇವದತ್ತ ಪಡಿಕ್ಕಲ್ 2 ಕೋಟಿ. ಒಬ್ಬೊಬ್ಬರಿಗೂ ಒಂದೊಂದು ಕೆಲಸ. ಹೇಜಲ್‌ವುಡ್ 22 ವಿಕೆಟ್. ಪಡಿಕ್ಕಲ್‌ಗೆ ಗಾಯವಾದಾಗ ಆ ಜಾಗಕ್ಕೆ ಮಯಂಕ್ ಅಗರ್ವಾಲ್. ಜೂನ್ 3ರ ಫೈನಲ್‌ನಲ್ಲಿ ಪಂಜಾಬ್ ವಿರುದ್ಧ 6 ರನ್ ಗೆಲುವು. ಪಂದ್ಯಶ್ರೇಷ್ಠ ಯಾರು? 4 ಓವರಲ್ಲಿ 17 ರನ್ ಕೊಟ್ಟು 2 ವಿಕೆಟ್ ತೆಗೆದ ಕೃಣಾಲ್. ಹದಿನೆಂಟು ವರ್ಷ ಕಾಯಿಸಿದ ಕಪ್ಪಿನ ರಾತ್ರಿ ಬಾಗಿಲು ತೆರೆದಿದ್ದು 5.75 ಕೋಟಿಯ ಕೀಲಿಕೈ.

ಹಾಗಾಗಿ ಮುಂದಿನ ಸಲ ಗ್ರೂಪಲ್ಲಿ ಯಾರಾದ್ರೂ ಟ್ರೇಡ್ ಪೋಸ್ಟ್ ಹಾಕಿದ್ರೆ ಮೂರು ಪ್ರಶ್ನೆ ಕೇಳಿ. ಇವನ ಸಂಬಳ ಸೇರಿದ ಮೇಲೆ ಉಳಿದವರಿಗೆ ಎಷ್ಟು ಉಳಿಯುತ್ತೆ? ಇವನು ಬಂದ್ರೆ ಹನ್ನೊಂದರಿಂದ ಎದ್ದು ಹೋಗೋನು ಯಾರು? ಹೋದವನ ಕೆಲಸ ಇನ್ಮುಂದೆ ಯಾರು ಮಾಡ್ತಾರೆ? ಮೂರಕ್ಕೂ ಉತ್ತರ ಇದ್ರೆ ಅದು ಟ್ರೇಡು. ಇಲ್ಲಾಂದ್ರೆ ಬರೀ ಆಸೆ.

ನಿಮ್ಮೂರ ಟೆನಿಸ್ ಬಾಲ್ ಲೀಗಲ್ಲಿ ಪಾಯಿಂಟ್ಸ್ ಹರಾಜು ಇಟ್ಟಾಗಲೂ ಇದೇ ಲೆಕ್ಕ. ಸಿಕ್ಸ್ ಹೊಡೆಯೋನಿಗೇ ಎಲ್ಲಾ ಪಾಯಿಂಟ್ ಸುರಿದು, ಕೊನೇ ಓವರ್ ಹಾಕೋನಿಲ್ಲದೆ ಸೋತ ತಂಡ ನಿಮ್ಮೂರಲ್ಲೂ ಒಂದಿರುತ್ತೆ. ಅದರ ಕಥೆ ನಮಗೆ ವಾಯ್ಸ್ ಮೆಸೇಜ್ ಮಾಡಿ.

ಮುಂದಿನ ವಾರ ಸಿಗೋಣ. ನಮಸ್ಕಾರ.